ಬಸುರಿಗೆ ಕೊಟ್ಟ ತೊಗರಿ

ತೊಗರಿಗೆ ಕೆಮ್ಮಣ್ಣು ಕಟ್ಟುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ದಿಬ್ಬದ ಮಣ್ಣು ತರಿಸಿ, ಕಲ್ಲು ಬೇರು ಆರಿಸಿ, ಜರಡಿ ಹಿಡಿದು, ನೀರಿನಲ್ಲಿ ಕದಡಬೇಕು. ದೋಸೆ ಹಿಟ್ಟಿನ ಹದಕ್ಕೆ ಬಂದ ಮೇಲೆ ಕಾಳು ಸುರಿದು ಎರಡೂ ಕೈಯಲ್ಲಿ ಉಜ್ಜಬೇಕು. ಒಂದು ಕಾಳೂ ಬೆತ್ತಲೆ ಉಳಿಯಬಾರದು. ಆಮೇಲೆ ಹರವಿ, ಕೈಯಾಡಿಸಿದರೆ ಗಲಗಲ ಅನ್ನುವವರೆಗೆ ಒಣಗಿಸಬೇಕು. ಹಾಗೆ ಮಾಡಿದ ತೊಗರಿಗೆ ಹುಳ ಬೀಳುವುದಿಲ್ಲ, ಬೇಳೆ ಒಡೆಯುವಾಗ ಸಿಪ್ಪೆ ಸಲೀಸಾಗಿ ಬಿಡುತ್ತದೆ. ಬೇಯಿಸುವ ಮುಂಚೆ ತೊಳೆದರೆ ಮಣ್ಣು ನೀರಿನ ಜೊತೆ ಹೋಗುತ್ತದೆ. ನಾನು ಸ್ಕೂಲಿಗೆ ಹೋಗಿದ್ದು ಮೂರನೇ ಕ್ಲಾಸಿನವರೆಗೆ. ಈ ವಿದ್ಯೆ ಅತ್ತೆ ಕಲಿಸಿದ್ದು. ಇದು ಮಾತ್ರ ಪೂರ್ತಿ ಬಂತು.

ನಮ್ಮ ಅಂಗಡಿ ಇರುವುದು ಪಂಚನಹಳ್ಳಿ ಕಡೆಯ ರಸ್ತೆಯಲ್ಲಿ, ನಮ್ಮದೇ ಹೊಲದ ಮೂಲೆಯಲ್ಲಿ. ಕಲ್ಲುಕಂಬ, ಮೇಲೆ ಶೀಟು, ಹಿಂದೆ ಒಂದು ಸಣ್ಣ ಕೋಣೆ. ಬೆಳೆದದ್ದನ್ನೆಲ್ಲ ಮಂಡಿಗೆ ಸುರಿದು ಅವರು ಹೇಳಿದ್ದಕ್ಕೆ ತಲೆಯಾಡಿಸಿ ಬರುವುದು ಬೇಡ, ರಸ್ತೆಯಲ್ಲೇ ಮಾರೋಣ ಎಂದು ಮಗ ಹಟ ಹಿಡಿದು ಕಟ್ಟಿಸಿದ. ರಾಗಿ, ಹುರುಳಿ, ಅವರೆ, ತೊಗರಿ, ಹುಚ್ಚೆಳ್ಳು, ತೆಂಗಿನಕಾಯಿ, ಬೇಸಿಗೆಯಲ್ಲಿ ಎಳನೀರು. ಮಗ ಹೊಲ ನೋಡುತ್ತಾನೆ. ನಾನೂ ಸೊಸೆಯೂ ಕಾಳು ಹಸನು ಮಾಡುತ್ತೇವೆ. ಯಜಮಾನರು ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡುತ್ತಾರೆ. ವ್ಯಾಪಾರಕ್ಕಿಂತ ಮಾತು ಜಾಸ್ತಿ. ಒಂದು ಗಾಡಿ ನಿಂತರೆ ಸಾಕು, ಶುರು ಮಾಡುತ್ತಿದ್ದರು.

“ನೋಡಿ ಸ್ವಾಮಿ, ನಮ್ ಹೊಲಕ್ಕೆ ಒಂದು ತೊಟ್ಟು ಔಷಧಿ ಸೋಕಿಲ್ಲ. ಸಗಣಿ ಗೊಬ್ಬರ, ಬೂದಿ, ಅಷ್ಟೆ. ಈ ತೊಗರಿ ನೋಡಿ, ಕೆಮ್ಮಣ್ಣು ಕಟ್ಟಿರೋದು. ಚೂರು ಮಣ್ಣು ಹೊಟ್ಟೆಗೋದ್ರೂ ಒಳ್ಳೇದೇ.”

ಜನಕ್ಕೆ ಇದು ಹಿಡಿಸುತ್ತಿತ್ತು. ಕಾರಿನವರು ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಯಜಮಾನರು ಹೇಳುತ್ತಿದ್ದುದು ಸುಳ್ಳೂ ಅಲ್ಲ, ಮೊನ್ನೆ ಮೊನ್ನೆಯವರೆಗೆ. ಆದರೆ ಹಿಂದಿನ ವರ್ಷ ಗೊಣ್ಣೆಹುಳ ಬೇರು ಕಡಿದು ತೊಗರಿ ಸಾಲುಗಳು ನಿಂತಲ್ಲೇ ಒಣಗಿದ್ದವು. ಆದ್ದರಿಂದ ಈ ಸಲ ಮುಂಗಾರಿಗೆ ಮುಂಚೆ ಮಗ ಬಿತ್ತನೆ ಬೀಜಕ್ಕೆ ಸವರುವ ಔಷಧಿಯ ಸೀಸೆ ತಂದ. ನನಗೂ ಹೆಂಡತಿಗೂ ತೋರಿಸಿದ.

“ಅಪ್ಪಂಗೆ ಹೇಳ್ಬೇಡ ಕಣವ್ವ. ಬೂದಿ ಸಾಲ್ದೇನೋ ಅಂತ ರಂಪ ತೆಗೀತಾನೆ. ಬಿತ್ತನೆ ಆಗ್ಲಿ, ಆಮೇಲೆ ನಾನೇ ಹೇಳ್ತೀನಿ.”

ಯಜಮಾನರ ರಂಪ ನನಗೇನು ಹೊಸದಲ್ಲ. ಸುಮ್ಮನಾದೆ.

ಮಗ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಅಂಗಡಿಯ ಹಿಂದೆ ತಾಡಪಾಲಿನ ಮೇಲೆ ಬೀಜ ಹರವಿ, ಔಷಧಿ ಸುರಿದು ಹೊರಳಾಡಿಸಿದ. ಬೀಜವೆಲ್ಲ ಕೆಂಪಾಯಿತು. ಯಾರೂ ತಪ್ಪಿ ತಿನ್ನಬಾರದು ಎಂದೇ ಕಂಪನಿಯವರು ಬಣ್ಣ ಹಾಕಿರುತ್ತಾರಂತೆ. ಎಚ್ಚರಿಕೆಗೆ ಅಂತ ಹಾಕಿದ ಬಣ್ಣ ಬೇರೆ ಮನೆಗೆ ಸರಿ. ನಮ್ಮ ಮನೆಯಲ್ಲಿ ಕೆಂಪು ತೊಗರಿ ಅಂದರೆ ತಿನ್ನುವ ತೊಗರಿ.

ಬೀಜ ನೆರಳಿಗೆ ಆರಲಿ, ಮುಟ್ಟಬೇಡಿ ಎಂದು ಹೇಳಿ ಮಗ ಬಿತ್ತುವ ಕೂರಿಗೆಯ ತಾಳನ್ನು ಕಮ್ಮಾರನ ಹತ್ತಿರ ಬಡಿಸಲು ಕಡೂರಿಗೆ ಹೋದ. ನಾನೂ ಸೊಸೆಯೂ ಬಿದ್ದ ಕಾಯಿ ಹೆಕ್ಕಲು ತೋಟಕ್ಕೆ ಹೋದೆವು. ನಾವು ತೋಟದಲ್ಲಿದ್ದಾಗ ಮೋಡ ಕವಿದು ನಾಲ್ಕು ಹನಿ ಬಿತ್ತು. ಅಂಥ ಮಳೆಯೇನಲ್ಲ, ಮುಖ ಒರೆಸಿಕೊಂಡರೆ ಮುಗಿಯಿತು. ನಾವು ಮಧ್ಯಾಹ್ನದವರೆಗೆ ಕಾಯಿ ಗುಡ್ಡೆ ಹಾಕಿ, ತಲೆಗೆ ಕಟ್ಟಿದ ಟವಲು ಬಿಚ್ಚಿ ಅಂಗಡಿಗೆ ಬಂದೆವು. ಹಿಂದೆ ಹೋಗಿ ನೋಡಿದರೆ ತಾಡಪಾಲು ಮಡಿಸಿ ಇಟ್ಟಿದೆ, ಮೇಲೆ ಕಲ್ಲು ಹೇರಿದೆ.

“ಮಗ ಬಂದಿದ್ನೇನ್ರೀ?” ಎಂದೆ.

“ಅವನೆಲ್ಲಿ ಬತ್ತಾನೆ ಇಷ್ಟು ಬೇಗ. ಮಳೆ ಬಂತು, ನಾನೇ ಎತ್ತಿಟ್ಟೆ. ಒಣಗಾಕೋದು, ಬಿಟ್ಟು ಹೋಗೋದು. ನಾನಿಲ್ದಿದ್ರೆ ನಿನ್ ಕಾಳೆಲ್ಲ ಮುದ್ದೆ ಆಗಿರೋದು.”

“ಎಲ್ಲಿ ಎತ್ತಿಟ್ರಿ?”

“ಡ್ರಮ್ಮಿಗೆ ಸುರ್ದೆ. ಇನ್ನೆಲ್ಲಿ ಸುರೀಲಿ, ನಿನ್ ತಲೆ ಮೇಲೆ?”

ಕೆಮ್ಮಣ್ಣಿನ ತೊಗರಿ ಇಡುತ್ತಿದ್ದ ನೀಲಿ ಡ್ರಮ್ಮು ತಳ ಕಂಡಿತ್ತು. ಈಗ ಅರ್ಧಕ್ಕೆ ಬಂದಿದೆ. ಮುಚ್ಚಳ ತೆಗೆದೆ. ಘಾಟು ಮೂಗಿಗೆ ಹೊಡೆಯಿತು. ಅವರಿಗೆ ಹೊಡೆದಿರಲಿಲ್ಲ. ನಶ್ಯ ಏರಿಸಿ ಏರಿಸಿ ಅವರ ಮೂಗು ಸತ್ತು ಎಷ್ಟೋ ಕಾಲವಾಗಿದೆ.

“ಯಾರಿಗಾದ್ರೂ ಕೊಟ್ರಾ ಇದ್ರಲ್ಲಿ?”

“ಕೊಟ್ಟೆ, ಒಂದು ಹೆಂಗಸಿಗೆ. ಔಡಲ ಹರಳು ತಂದಿದ್ಲು, ಅದಕ್ಕೆ ಬದ್ಲು ತೊಗರಿ ಅಳೆದೆ. ಯಾಕೆ, ಅಂಗಡಿ ಇಟ್ಕೊಂಡು ಕೊಡಬಾರದಾ?”

ನಾನು ಹೇಳಿದೆ. ಔಷಧಿ, ಮಗ ತಂದದ್ದು, ನಾವು ಮುಚ್ಚಿಟ್ಟದ್ದು, ಎಲ್ಲ. ಅವರಿಗೆ ಮೊದಲು ಬಂದದ್ದು ಸಿಟ್ಟು. ನನ್ನ ಹೊಲಕ್ಕೆ ವಿಷ ತಂದವನು ಯಾರು, ನನ್ನ ಕೇಳದೆ ಈ ಮನೆಯಲ್ಲಿ ಏನೇನು ನಡೆಯುತ್ತಿದೆ ಎಂದು ಕೂಗಾಡಿದರು. ಸೊಸೆ ಡ್ರಮ್ಮನ್ನು ಹಿಂದಿನ ಕೋಣೆಗೆ ಎಳೆದು ಬೀಗ ಹಾಕಿ ಬಂದು, ಮೆಲ್ಲಗೆ ಕೇಳಿದಳು.

“ಮಾವ, ಯಾವೂರಿನವ್ರು ಅಂದ್ರು ಅವ್ರು?”

“ಸಿಂಗಟಗೆರೆ ಅಂದ್ಲು. ಅಯ್ಯೋ ಬಿಡ್ರೇ, ತೊಳ್ದೇ ಬೇಯಿಸ್ತಾರೆ. ನೀರಲ್ಲಿ ಹೋಗುತ್ತೆ.” ಅಷ್ಟು ಹೇಳಿದವರು ಇದ್ದಕ್ಕಿದ್ದ ಹಾಗೆ ಬಾಯಿ ಮುಚ್ಚಿದರು. ಮುಖದ ಸಿಟ್ಟು ಇಳಿದುಹೋಯಿತು. ಕೂತರು.

“ಏನ್ರೀ?” ಎಂದೆ.

“ಬೇಯಿಸೋಕೆ ಒಯ್ದಿಲ್ಲ ಕಣೇ ಅವಳು.”

“ಮತ್ತೆ?”

“ಮಗಳು ಬಸ್ರಿಯಂತೆ. ಮಣ್ಣು ತಿಂತಾಳಂತೆ, ಗೋಡೆ ಕೆರ್ಕಂಡು. ಕೆಮ್ಮಣ್ಣಿನ ಕಾಳಾದ್ರೆ ಬಾಯಿಗಾಕ್ಕಂಡು ಚೀಪಿ ಉಗುಳ್ತಾಳೆ, ಆಸೆನೂ ತೀರುತ್ತೆ, ಹೊಟ್ಟೆಗೂ ಹೋಗಲ್ಲ ಅಂದ್ಲು.”

“ನೀವೇನಂದ್ರಿ?”

“ಒಳ್ಳೇದವ್ವ, ಚೀಪ್ಲಿ ಅಂದೆ. ಬಸ್ರಿ ಹೆಂಗ್ಸು ಅಂತ ಒಂದು ಹಿಡಿ ಮೇಲೆ ಹಾಕ್ದೆ.”

ತೊಳೆಯುವುದಿಲ್ಲ, ಬೇಯಿಸುವುದಿಲ್ಲ, ಮೇಲಿರುವ ಕೆಂಪನ್ನೇ ಚೀಪುತ್ತಾಳೆ. ಆ ಕೆಂಪಿಗಾಗಿಯೇ ಒಯ್ದಿರುವುದು.

ಸೊಸೆ ಫೋನು ಮಾಡಿದ ಕೂಡಲೇ ಮಗ ಬಂದ. ಬಂದವನೇ ಅಪ್ಪನ ಎರಡೂ ಕೈಗೆ ಸೋಪು ಹಾಕಿ ಮೊಣಕೈವರೆಗೆ ತೊಳೆಸಿದ. ತೊಳೆಸುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಅಂದ, “ಅವ್ವ, ವಿಷ ಅನ್ನೋ ಮಾತು ಎತ್ಬೇಡ. ಅಳತೆ ತಪ್ಪಿದೆ, ಹಳೇ ಕಾಳು ಕೊಟ್ಬಿಟ್ಟಿದೀವಿ, ಹಿಂಗೆ ಏನಾದ್ರೂ ಹೇಳಿ ವಾಪಸ್ ಇಸ್ಕಳಣ. ಅಂಗಡಿ ಹೋಗ್ಬಿಡುತ್ತೆ.”

“ಮೊದ್ಲು ಬೈಕು ತೆಗಿಯೋ,” ಎಂದೆ.

ಸಿಂಗಟಗೆರೆಯಲ್ಲಿ ಹೆಂಗಸಿನ ಹೆಸರು ಗೊತ್ತಿಲ್ಲದೆ ಹೆಂಗಸನ್ನು ಹುಡುಕುವುದು ಹೇಗೆ. ಹಿಟ್ಟಿನ ಗಿರಣಿಯ ಮುಂದೆ ಗಾಡಿ ನಿಲ್ಲಿಸಿದೆವು. ಮೂರ್ನಾಲ್ಕು ಜನ ಹೆಂಗಸರು ಡಬ್ಬ ಇಟ್ಟುಕೊಂಡು ಸರದಿ ಕಾಯುತ್ತಿದ್ದರು. ಮಗ ನಗುತ್ತಾ ಕೇಳಿದ, “ಅಕ್ಕಾ, ಇವತ್ತು ಬೆಳಿಗ್ಗೆ ನಿಮ್ಮೂರಿಂದ ಯಾರೋ ಹರಳು ತಗೊಂಡು ಪಂಚನಹಳ್ಳಿ ಕಡೆ ಬಂದಿದ್ರಲ್ಲ, ಯಾರು? ಅಳತೇಲಿ ಸ್ವಲ್ಪ ಹೆಚ್ಚುಕಮ್ಮಿ ಆಗಿತ್ತು.”

“ನೋಡ್ರೇ, ಅಳತೆ ಸರಿಮಾಡೋಕೆ ಮನೆ ಬಾಗ್ಲಿಗೆ ಬಂದವ್ರೆ,” ಎಂದು ಒಬ್ಬಳು ನಕ್ಕಳು. “ಇಂಥ ಅಂಗಡಿ ಎಲ್ಲಪ್ಪಾ ಇರೋದು? ನಾವೂ ಬತ್ತೀವಿ.”

ಎಲ್ಲರೂ ನಕ್ಕರು. ಮಗನೂ ನಕ್ಕ. ಇವನು ಹೀಗೆ ನಗುತ್ತಾ ನಿಂತರೆ ಅಲ್ಲಿ ಆ ಹುಡುಗಿ ಇನ್ನೊಂದು ಕಾಳು ಬಾಯಿಗೆ ಹಾಕಿಕೊಳ್ಳುತ್ತಾಳೆ. ನಾನು ಗಾಡಿಯಿಂದ ಇಳಿದೆ.

“ಅಳತೆ ಅಲ್ಲ ಕಣವ್ವ. ವಿಷ ಹಚ್ಚಿದ ಬಿತ್ತನೆ ಬೀಜ ಕೊಟ್ಬಿಟ್ಟಿದೀವಿ. ಬಸ್ರಿ ಮಗಳಿಗೆ ಅಂತ ಒಯ್ದವ್ಳೆ. ಆ ಮನೆ ಯಾವುದು, ಬೇಗ ಹೇಳಿ.”

ಗಿರಣಿ ಓಡುತ್ತಲೇ ಇತ್ತು. ನಕ್ಕವಳು ಕೈಯಲ್ಲಿದ್ದ ಡಬ್ಬ ಕೆಳಗಿಟ್ಟಳು. “ನಮ್ಮ ಪಕ್ಕದ್ಮನೆ,” ಎಂದಳು. ರಾಗಿ ಅಲ್ಲೇ ಬಿಟ್ಟು ನಮ್ಮ ಮುಂದೆ ಓಡುನಡಿಗೆಯಲ್ಲಿ ಹೊರಟಳು.

ಮನೆಗೆ ಬೀಗ ಹಾಕಿತ್ತು. ಮಗಳನ್ನು ಅಜ್ಜಂಪುರಕ್ಕೆ ಕೊಟ್ಟಿದೆಯಂತೆ. ತಾಯಿ ಕಾಳು ತಂದವಳು, ಜಗುಲಿಯಲ್ಲಿ ಕೂತು ಮೊರದಲ್ಲಿ ಕೇರಿ, ಗಂಟು ಕಟ್ಟಿಕೊಂಡು ಬಸ್ಸು ಹತ್ತಿದ್ದಾಳೆ. ಪಕ್ಕದ ಮನೆಯವಳು ಫೋನು ಮಾಡಿದಳು. ಸ್ವಿಚ್ ಆಫ್ ಅಂತ ಬಂತು. ಮತ್ತೆ ಮಾಡಿದಳು. ಅದೇ.

“ಚಾರ್ಜ್ ಇರಲ್ಲ ಅವಳ್ದು. ಅಳಿಯನ ನಂಬರ್ ನನ್ನತ್ರ ಇಲ್ಲವ್ವ. ಸಂತೆ ಮಾಳದ ಹಿಂದೆ ಮನೆ, ಅವನ್ದು ಪಂಕ್ಚರ್ ಅಂಗಡಿ ಐತೆ, ಯಾರನ್ನ ಕೇಳಿದ್ರೂ ತೋರಿಸ್ತಾರೆ.” ಹೇಳುತ್ತಾ ಹೇಳುತ್ತಾ ಅವಳ ಕಣ್ಣು ಬೇರೆ ಕಡೆ ಹೋಯಿತು. “ಅಯ್ಯೋ, ಇದೇನ್ ಬಂತು ಇವಕ್ಕೆ, ಬೆಳಿಗ್ಗೆ ಚೆನ್ನಾಗಿದ್ವು.”

ಜಗುಲಿಯ ಕೆಳಗೆ ಕೋಳಿ ಬಿದ್ದಿದ್ದವು. ಒಂದು ಸತ್ತಿತ್ತು. ಇನ್ನೊಂದು ಕತ್ತು ತಿರುಚಿಕೊಂಡು, ರೆಕ್ಕೆ ನೆಲಕ್ಕೆ ಬಡಿಯುತ್ತಾ, ಏಳಲಾರದೆ ಸುತ್ತುತ್ತಿತ್ತು. ಮಣ್ಣಿನಲ್ಲಿ ನಾಲ್ಕೈದು ಕೆಂಪು ಕಾಳು. ಕೇರುವಾಗ ಮೊರದಿಂದ ಉದುರಿದವು. ನಾನು ಬಗ್ಗಿ ಆರಿಸಿಕೊಂಡು ಸೆರಗಿನ ತುದಿಗೆ ಕಟ್ಟಿದೆ. ಅಲ್ಲಿಯವರೆಗೆ ಮನಸ್ಸಿನ ಒಂದು ಮೂಲೆಯಲ್ಲಿ ಯಜಮಾನರ ಮಾತೇ ಇತ್ತು, ಏನೂ ಆಗಲ್ಲ ಬಿಡು ಅಂತ. ಆ ಕೋಳಿ ನೋಡಿದ ಮೇಲೆ ಆ ಮೂಲೆ ಖಾಲಿಯಾಯಿತು. ಮಗ ಗೋಡೆ ಹಿಡಿದು ನಿಂತಿದ್ದ.

“ನಡಿಯೋ,” ಎಂದೆ.

“ಕೈಯಲ್ಲಿ ಬಲ ಇಲ್ಲ ಕಣವ್ವ.”

“ನನಗೆ ಓಡ್ಸೋಕೆ ಬರಲ್ಲ. ಬಂದಿದ್ರೆ ನಿನ್ನ ಇಲ್ಲೇ ಬಿಟ್ಟು ಹೋಗ್ತಿದ್ದೆ. ಹತ್ತು.”

ಸತ್ತ ಕೋಳಿಯನ್ನು ಯಾರೂ ತಿನ್ನಬಾರದು, ಹೂಳಿಬಿಡು ಎಂದು ಪಕ್ಕದ ಮನೆಯವಳಿಗೆ ಹೇಳಿ ಹೊರಟೆವು. ಕಡೂರು ದಾಟಿದೆವು, ಬೀರೂರು ದಾಟಿದೆವು. ದಾರಿಯಲ್ಲಿ ಒಂದು ಕಡೆ ರೈಲಿನ ಗೇಟು ಹಾಕಿತ್ತು. ಕಾಯಲೇಬೇಕು. ಮುಂದೆ ಲಾರಿ, ಹಿಂದೆ ಟ್ರ್ಯಾಕ್ಟರು. ಶೇಂಗಾ ಮಾರುವವನು ಬಂದು ನನ್ನ ಮೂಗಿನ ಹತ್ತಿರ ಪೊಟ್ಟಣ ಹಿಡಿದ. ರೈಲು ಬರಲಿಲ್ಲ. ಬರಲೇ ಇಲ್ಲ. ಆಮೇಲೆ ಬಂದದ್ದು ಮುಗಿಯದ ಗೂಡ್ಸು ಗಾಡಿ.

ಅಲ್ಲಿ ನಿಂತು ನನಗೆ ನೆನಪಾದದ್ದು ನನ್ನ ಬಾಯಿ. ಈ ಮಗ ಹೊಟ್ಟೆಯಲ್ಲಿದ್ದಾಗ ನಾನೂ ಮಣ್ಣು ತಿಂದವಳೇ. ಮೊದಲ ಮಳೆ ಬಿದ್ದಾಗ ಹಿತ್ತಲ ಗೋಡೆ ವಾಸನೆ ಬಂದರೆ ತಡೆಯಲಾಗುತ್ತಿರಲಿಲ್ಲ. ಉಗುರಲ್ಲಿ ಕೆರೆದು ನಾಲಿಗೆಗೆ ಇಟ್ಟುಕೊಳ್ಳುತ್ತಿದ್ದೆ. ಅತ್ತೆ ಬೈದರೆ ಇಲ್ಲ ಅನ್ನುತ್ತಿದ್ದೆ, ಹಲ್ಲಿನಲ್ಲಿ ಕೆಂಪು ಇದ್ದೇ ಇರುತ್ತಿತ್ತು. ಅದಕ್ಕೇ ನನಗೆ ಗೊತ್ತಿತ್ತು. ಆ ಹುಡುಗಿ ಒಂದಕ್ಕೆ ನಿಲ್ಲಿಸುವುದಿಲ್ಲ. ರುಚಿ ಕೆಟ್ಟದಾಗಿದ್ದರೂ ನಿಲ್ಲಿಸುವುದಿಲ್ಲ, ಇದರಲ್ಲಿ ಮಣ್ಣು ಕಡಿಮೆ ಎಂದು ಇನ್ನೊಂದು ಹಾಕಿಕೊಳ್ಳುತ್ತಾಳೆ. ಗೂಡ್ಸು ಗಾಡಿಯ ಡಬ್ಬಿಗಳು ಹೋಗುತ್ತಲೇ ಇದ್ದವು. ಒಂದೊಂದು ಡಬ್ಬಿಗೂ ಅವಳ ಕೈ ಮೊರಕ್ಕೆ ಹೋದ ಹಾಗೆ ಅನಿಸುತ್ತಿತ್ತು. ದೇವರನ್ನು ನೆನೆಯಲು ಹೋದೆ, ಹೆಸರು ನೆನಪಾಗಲಿಲ್ಲ. ಮನೆದೇವರ ಹೆಸರೇ ಬಾಯಿಗೆ ಬರಲಿಲ್ಲ.

ಅಜ್ಜಂಪುರದಲ್ಲಿ ಪಂಕ್ಚರ್ ಅಂಗಡಿ ಸಿಕ್ಕಿತು, ಅಳಿಯ ಇರಲಿಲ್ಲ. ಹಿಂದಿನ ಮನೆಯ ಕಟ್ಟೆಯ ಮೇಲೆ ಹುಡುಗಿ ಕಾಲು ಚಾಚಿ ಕೂತಿದ್ದಳು. ತೆಳ್ಳಗಿನ ಹುಡುಗಿ, ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ಹಣೆಯ ಮೇಲೆ ಬೆವರು. ಮಡಿಲಲ್ಲಿ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ನಮ್ಮ ಕಾಳು. ಒಂದು ಕೆನ್ನೆ ಸ್ವಲ್ಪ ಉಬ್ಬಿತ್ತು.

ನಾನು ಯಾರು, ಏನು ಎಂದು ಹೇಳಲು ಹೋಗಲಿಲ್ಲ. ತಟ್ಟೆ ಕಿತ್ತು ಬೀದಿಗೆ ಎಸೆದೆ. ಎಡಗೈಯಲ್ಲಿ ಅವಳ ದವಡೆ ಹಿಡಿದು ಬಲಗೈ ಬೆರಳು ಬಾಯಿಗೆ ಹಾಕಿದೆ. ಅವಳು ಕಚ್ಚಿದಳು. ಕಚ್ಚಿದರೆ ಕಚ್ಚಲಿ, ಬಿಡಲಿಲ್ಲ. ಕೆನ್ನೆಯ ಸಂದಿಯಿಂದ ಎರಡು ಕಾಳು ಬಂದವು. ಮೇಲಿನ ಕೆಂಪೆಲ್ಲ ಹೋಗಿ ಸಿಪ್ಪೆ ನುಣ್ಣಗಾಗಿತ್ತು.

ಒಳಗಿನಿಂದ ತಾಯಿ ಓಡಿ ಬಂದು ನನ್ನ ಜುಟ್ಟು ಹಿಡಿದಳು. “ಯಾರೇ ನೀನು, ಬಿಡೇ ನನ್ನ ಮಗಳ್ನ, ಹುಚ್ಚು ಮುದ್ಕಿ.”

“ನಿನಗೆ ತೊಗರಿ ಕೊಟ್ಟ ಮನೆಯವಳು ಕಣವ್ವ. ಅದು ಕೆಮ್ಮಣ್ಣಲ್ಲ, ಔಷಧಿ. ಬಾಯಿ ತೊಳ್ಸು. ಆಮೇಲೆ ಹೊಡಿ.”

ಜುಟ್ಟು ಬಿಟ್ಟಳು. ನನ್ನ ಮುಖ ನೋಡಿದಳು, ಬೀದಿಯಲ್ಲಿ ಚೆಲ್ಲಿದ ಕಾಳು ನೋಡಿದಳು. ಮಗಳು ಗಾಬರಿಯಾಗಿ, “ಅವ್ವ, ನಂಗೆ ಆಗ್ಲಿಂದ ವಾಕರಿಕೆ ಬತ್ತಿತ್ತು, ಬಸ್ರಿಗೆ ಬರೋದೇ ಅಂತ ಸುಮ್ನಿದ್ದೆ,” ಎಂದಳು. ತಾಯಿ ಹೆತ್ತ ಹೊಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು ಅಲ್ಲೇ ಕುಸಿದಳು. ಅವಳನ್ನು ಎಬ್ಬಿಸಲು ನನಗೆ ಪುರುಸೊತ್ತಿರಲಿಲ್ಲ. ಹುಡುಗಿಗೆ ಬಾಯಿ ಮುಕ್ಕಳಿಸಿ ಉಗುಳಿಸುತ್ತಿದ್ದೆ. ಎಷ್ಟು ಚೀಪಿದೆ ಅಂದರೆ ಲೆಕ್ಕವಿಲ್ಲ ಅಂದಳು. ನುಂಗಿದೆಯಾ ಅಂದರೆ ಒಂದೆರಡು ಜಾರಿರಬಹುದು ಅಂದಳು.

ಮಗ ಆಟೋ ತಂದ. ಊರಿನ ಆಸ್ಪತ್ರೆಯಲ್ಲಿ ನೋಡಿ, ಏನೋ ಸೂಜಿ ಕೊಟ್ಟು, ಬಸುರಿ ಆದ್ದರಿಂದ ತರೀಕೆರೆಗೇ ಕರೆದುಕೊಂಡು ಹೋಗಿ ಎಂದು ಆಂಬುಲೆನ್ಸಿನಲ್ಲಿ ಕಳಿಸಿದರು. ಆ ದಾರಿಯುದ್ದಕ್ಕೂ ಹುಡುಗಿಯ ಕೈ ಸಣ್ಣಗೆ ಅದುರುತ್ತಿತ್ತು. ತಾಯಿ ಒಂದು ಕಡೆ, ನಾನು ಒಂದು ಕಡೆ. ನಡುವೆ ಹೊಟ್ಟೆ. ಹುಡುಗಿ ಅನ್ನುತ್ತಿದ್ದಳು, “ಅವ್ವ, ಒದೀತಿಲ್ಲ. ಆಗ್ಲಿಂದ ಒದ್ದಿಲ್ಲ.” ತಾಯಿ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು. ನಾನು ಏನು ಹೇಳಲಿ, ಮಲಗಿರುತ್ತೆ ಕಣವ್ವ ಎಂದು ಹೇಳುವ ಹಕ್ಕು ನನಗೆಲ್ಲಿತ್ತು.

ತರೀಕೆರೆಯಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದು, “ಯಾವ ಔಷಧಿ? ಬಾಟಲ್ ತಂದಿದ್ದೀರಾ?” ನನ್ನ ಸೆರಗಿನ ಕಾಳು ಬಿಚ್ಚಿ ಕೊಟ್ಟೆ. ಅದನ್ನು ನೋಡಿ ಅವರು ಏನು ಮಾಡಿಯಾರು. ಮಗ ಹೆಂಡತಿಗೆ ಫೋನು ಮಾಡಿದ. ಅವಳು ಸೀಸೆಯ ನಾಲ್ಕೂ ಕಡೆಯ ಫೋಟೋ ತೆಗೆದು ಕಳಿಸಿದಳು. ಡಾಕ್ಟರಮ್ಮ ಫೋಟೋ ದೊಡ್ಡದು ಮಾಡಿ ಓದಿದರು. ಯಾರಿಗೋ ಫೋನು ಮಾಡಿ ಇಂಗ್ಲಿಷಿನಲ್ಲಿ ಮಾತಾಡಿದರು. ಆಮೇಲೆ ಹುಡುಗಿಯನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು.

ಹೊರಗೆ ಒಂದು ಬೆಂಚು. ಅದರ ಮೇಲೆ ಆ ತಾಯಿ ಮತ್ತು ನಾನು. ಮಗ ಗೋಡೆ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ. ನಾನು ಹೆರಿಗೆ ನೋಡಿದ್ದೇನೆ, ಸಾವು ನೋಡಿದ್ದೇನೆ, ಹಾವು ಕಡಿದ ಎತ್ತಿನ ಪಕ್ಕ ಕೂತಿದ್ದೇನೆ. ಅಂಥ ಹೆದರಿಕೆ ಯಾವತ್ತೂ ಆಗಿರಲಿಲ್ಲ. ಹುಡುಗಿ ಕಚ್ಚಿದ ಬೆರಳು ಊದಿಕೊಂಡಿತ್ತು. ಆ ನೋವೇ ಸ್ವಲ್ಪ ಆಸರೆ, ಅದನ್ನೇ ಒತ್ತಿಕೊಂಡು ಕೂತೆ.

ಬಾಗಿಲು ತೆರೆಯಿತು. “ಮಗುವಿನ ಎದೆ ಬಡಿತ ಇದೆ,” ಎಂದರು ಡಾಕ್ಟರಮ್ಮ. “ತಾಯಿಗೂ ಸದ್ಯಕ್ಕೆ ಪರವಾಗಿಲ್ಲ. ಹೆಚ್ಚು ನುಂಗಿಲ್ಲ, ಬೇಗ ಬಂದಿರಿ. ನಾಲ್ಕು ದಿನ ಇಲ್ಲೇ ಇರಲಿ.”

“ಮುಂದಕ್ಕೆ ಮಗೀಗೆ ಏನೂ ಆಗಲ್ವಾ ತಾಯಿ?” ಎಂದಳು ಹುಡುಗಿಯ ತಾಯಿ.

“ಆಗಲ್ಲ ಅಂದುಕೊಳ್ಳೋಣ. ಈಗಲೇ ಹೀಗೇ ಅಂತ ಹೇಳೋಕಾಗಲ್ಲಮ್ಮ. ತಿಂಗಳು ತಿಂಗಳು ಬಂದು ತೋರಿಸಿ.”

ಡಾಕ್ಟರು ಹೋದ ಮೇಲೆ ಅವಳು ನನ್ನ ಕಡೆ ತಿರುಗಿದಳು. ಬೈಯುತ್ತಾಳೆ, ಪೊಲೀಸು ಅನ್ನುತ್ತಾಳೆ, ಅನ್ನಲಿ ಎಂದು ಕೂತಿದ್ದೆ. ಮಗ ಎದ್ದು ಬಂದು ಕೈ ಮುಗಿದು, ಆಸ್ಪತ್ರೆಯದ್ದೆಲ್ಲ ನಾವೇ ನೋಡಿಕೊಳ್ಳುತ್ತೇವೆ ಎಂದು ಶುರು ಮಾಡಿದ. ಅವಳು ಅವನ ಕಡೆ ತಿರುಗಲೂ ಇಲ್ಲ.

“ನೀನು ಬಾ,” ಎಂದಳು ನನಗೆ. “ತಿಂಗ್ಳು ತಿಂಗ್ಳು ಇಲ್ಲಿಗೆ ಕರ್ಕಂಡು ಬರ್ಬೇಕಲ್ಲ, ಆಗೆಲ್ಲ ನೀನೂ ಬಾ. ಈ ಬೆಂಚಿನ ಮೇಲೆ ನನ್ನ ಪಕ್ದಲ್ಲಿ ಕೂರು. ನಾನೊಬ್ಳೇ ಹೆದರ್ಕೊಂಡು ಸಾಯಲ್ಲ.”

“ಬತ್ತೀನಿ,” ಎಂದೆ.

ಹೋದೆ. ಒಂದು ತಿಂಗಳೂ ತಪ್ಪಿಸಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ, ಕಡೂರಿನಲ್ಲಿ ಬದಲಾಯಿಸಿ, ತರೀಕೆರೆಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದೆ. ಅವರು ಅಜ್ಜಂಪುರದಿಂದ ಬರುತ್ತಿದ್ದರು. ಸುದ್ದಿ ಅಷ್ಟು ಹೊತ್ತಿಗೆ ಎಲ್ಲ ಕಡೆ ಹಬ್ಬಿತ್ತು. ಬಸ್ಸಿನಲ್ಲಿ ನಮ್ಮ ಕಡೆಯ ಒಬ್ಬ, “ಏನಜ್ಜೀ, ಇವತ್ತು ಯಾರಿಗೆ ತೊಗರಿ ಒಯ್ತಿದೀಯ?” ಎಂದ. “ನಿನಗೇ ತಂದಿದೀನಿ, ಬಾಯಿ ತೆಗಿ,” ಎಂದೆ. ಬಸ್ಸು ನಕ್ಕಿತು. ನನ್ನ ಎದೆ ನಗಲಿಲ್ಲ. ಅಂಗಡಿ ಒಂದಷ್ಟು ದಿನ ಬಾಗಿಲು ಹಾಕಿತ್ತು. ತೆಗೆದ ಮೇಲೂ ಗಾಡಿಗಳು ನಿಲ್ಲುವುದು ಕಡಿಮೆಯಾಯಿತು. ಯಜಮಾನರು ಗಿರಾಕಿಗಳ ಹತ್ತಿರ ಮಾತಾಡುವುದನ್ನು ಬಿಟ್ಟರು. ಕೇಳಿದ್ದನ್ನು ಅಳೆದು ಕೊಟ್ಟು ಸುಮ್ಮನೆ ಕೂರುತ್ತಿದ್ದರು. ನಾನು ತರೀಕೆರೆಯಿಂದ ವಾಪಸ್ಸು ಬರುವ ದಿನ ಮಾತ್ರ ರಸ್ತೆಯವರೆಗೆ ಬಂದು ನಿಂತಿರುತ್ತಿದ್ದರು.

“ಏನಂದ್ರು?”

“ಬೆಳೀತಿದೆಯಂತೆ.”

“ಕೈಕಾಲು?”

“ಕಾಣ್ತವಂತೆ.”

“ತಲೆ?”

“ನೀವೇ ಹೋಗಿ ಕೇಳ್ಕೊಂಡು ಬನ್ನಿ.”

ಹೋಗುವ ಧೈರ್ಯ ಅವರಿಗಿರಲಿಲ್ಲ. ನನಗೂ ಇರಲಿಲ್ಲ, ನಾನು ಹೋಗುತ್ತಿದ್ದೆ ಅಷ್ಟೆ. ಸ್ಕ್ಯಾನಿಂಗಿಗೆ ಹುಡುಗಿ ಒಳಗೆ ಹೋದಾಗಲೆಲ್ಲ ಆ ಸಿಂಗಟಗೆರೆಯ ಕೋಳಿ ಕತ್ತು ತಿರುಚಿಕೊಂಡು ಕಣ್ಣ ಮುಂದೆ ಬರುತ್ತಿತ್ತು. ಪಕ್ಕದಲ್ಲಿ ಕೂತವಳಿಗೆ ಅದನ್ನು ನಾನು ಹೇಳಿರಲಿಲ್ಲ. ಅವಳಿಗೆ ಪಕ್ಕದ ಮನೆಯವಳು ಹೇಳಿಯೇ ಇರುತ್ತಾಳೆ. ಇಬ್ಬರೂ ಬೇರೆ ಏನೇನೋ ಮಾತಾಡುತ್ತಿದ್ದೆವು. ಸಿಂಗಟಗೆರೆ ಕೆರೆಗೆ ನೀರು ಬಂತಾ, ಹರಳಿಗೆ ಕೀಡೆ ಬಿತ್ತಾ, ಹೀಗೆ. ಒಂದು ಸಲ ಅವಳು ಮಂಡಕ್ಕಿ ಪೊಟ್ಟಣ ಬಿಚ್ಚಿ ತಾನು ತಿಂದಳು. ನನಗೆ ಕೊಡಲಿಲ್ಲ. ಇನ್ನೊಂದು ಸಲ ನಾನು ರೊಟ್ಟಿ ಒಯ್ದಿದ್ದೆ. ಅವಳು ಮುಟ್ಟಲಿಲ್ಲ. ನಮ್ಮ ಮನೆಯದು ಅವಳು ಯಾಕೆ ಮುಟ್ಟುತ್ತಾಳೆ. ಕಟ್ಟಿ ಚೀಲಕ್ಕೆ ಹಾಕಿಕೊಂಡೆ.

ಹೆರಿಗೆ ನೋವು ಬಂದಾಗ ಅವಳೇ ಫೋನು ಮಾಡಿದಳು. “ಶುರುವಾಗೈತೆ, ಬಾ,” ಅಷ್ಟೆ. ಮಗ ಗಾಡಿಯಲ್ಲಿ ತಂದು ಬಿಟ್ಟ, ಒಳಗೆ ಬರಲಿಲ್ಲ. ಅದೇ ಬೆಂಚು. ಒಳಗೆ ಹುಡುಗಿ ಕೂಗುತ್ತಿದ್ದಳು. ಅವಳು ಕೂಗಿದಾಗ ನನಗೆ ಭಯವಿರಲಿಲ್ಲ, ಕೂಗು ನಿಂತಾಗ ಭಯ. ಒಂದು ಸಲ ಕೂಗು ನಿಂತು ಬಹಳ ಹೊತ್ತಾಯಿತು. ಏನೂ ಕೇಳಿಸಲಿಲ್ಲ. ನರ್ಸು ಒಬ್ಬಳು ಓಡಿ ಬಂದು ಏನೋ ತೆಗೆದುಕೊಂಡು ಓಡಿದಳು. ಪಕ್ಕದಲ್ಲಿದ್ದವಳು ನನ್ನ ಮೊಣಕೈ ಹಿಡಿದಳು. ಉಗುರು ಚುಚ್ಚುವಷ್ಟು ಹಿಡಿದಳು. ನಾನೂ ಅವಳ ಸೀರೆ ಹಿಡಿದುಕೊಂಡಿದ್ದೆ ಎನ್ನುವುದು ಆಮೇಲೆ ಗೊತ್ತಾಯಿತು.

ಮಗು ಅತ್ತಿತು. ಸಣ್ಣಗೆ, ಕೆಮ್ಮಿದ ಹಾಗೆ ಒಂದು ಸಲ. ಆಮೇಲೆ ಗಟ್ಟಿಯಾಗಿ.

ಹೆಣ್ಣು. ನರ್ಸು ಬಟ್ಟೆಯಲ್ಲಿ ಸುತ್ತಿ ತಂದು ಅಜ್ಜಿಯ ಕೈಗೆ ಕೊಟ್ಟಳು. ಅವಳು ಬಟ್ಟೆ ಬಿಚ್ಚಿ ಕೈ, ಕಾಲು, ಬೆನ್ನು, ಬಾಯಿಯ ಒಳಗೆಲ್ಲ ನೋಡಿದಳು. ನಾನು ದೂರದಿಂದಲೇ ನೋಡಿದೆ. ನೋಡುವುದಕ್ಕೆ ಎಲ್ಲ ಇತ್ತು. ಒಳಗಿನದ್ದು ಯಾರಿಗೆ ಕಾಣುತ್ತದೆ. ಕಿವಿ ಕೇಳುತ್ತದೋ, ಮಾತು ಬರುತ್ತದೋ, ಹೊತ್ತಿಗೆ ಸರಿಯಾಗಿ ನಡೆಯುತ್ತದೋ. ಅದೆಲ್ಲ ಆಗುವವರೆಗೆ ನಾನು ಇರುತ್ತೇನೋ ಇಲ್ಲವೋ.

“ಅಳ್ತಲ್ಲ, ಕೇಳಿಸ್ಕಂಡ್ಯಲ್ಲ,” ಎಂದಳು ಅವಳು ಮಗುವಿನ ಮೇಲಿಂದ ಕಣ್ಣು ತೆಗೆಯದೆ. “ಇನ್ನು ನಿಮ್ಮೂರಿಗೆ ಹೋಗು.”

ಚೀಲ ತೆಗೆದುಕೊಂಡೆ. ಮೆಟ್ಟಿಲ ಹತ್ತಿರ ಬಂದಿದ್ದೆ. ಹಿಂದಿನಿಂದ ಅವಳ ದನಿ ಬಂತು.

“ಒಂದೂವರೆ ತಿಂಗ್ಳಿಗೆ ಚುಚ್ಚುಮದ್ದು ಹಾಕ್ಸೋಕೆ ಬರ್ಬೇಕಂತೆ. ಆವಾಗ ಕಿವಿ ಕಣ್ಣು ಎಲ್ಲ ಇನ್ನೊಂದ್ಸಲ ನೋಡ್ತಾರಂತೆ.”

ತಿರುಗಿ ನೋಡಿದೆ. ಅವಳು ಮಗುವಿನ ಕಿವಿಯ ಹತ್ತಿರ ಬೆರಳು ಚಿಟಿಕೆ ಹೊಡೆಯುತ್ತಿದ್ದಳು. ಮಗು ನಿದ್ದೆ ಮಾಡುತ್ತಿತ್ತು, ಅಲುಗಲಿಲ್ಲ. ಅವಳು ಇನ್ನೊಂದು ಸಲ ಹೊಡೆದಳು.

“ಬತ್ತೀನಿ,” ಎಂದೆ.